ಮೊದಲು ಕದಲಿದವರು

ವಾಡಿಯ ನಮ್ಮ ನೆರೆಮನೆಯ ಕಾಕಾ ರೈಲ್ವೆ ಪಾಳಿ ಮುಗಿಸಿ ಬಂದವರೇ ನಮ್ಮ ದಾಳದ ಯುದ್ಧದಾಟಕ್ಕೆ ಕೂರುತ್ತಿದ್ದರು. ಚೌಕಮನೆ ಗೀಚಿದ ಶಹಾಬಾದಿ ಕಲ್ಲಿನ ಮೇಲೆ ಅವರ ಸಿಪಾಯಿಯೆಂದರೆ ಒಂದು ಹುಣಸೆಬೀಜ. ಆಕಳಿಸುತ್ತ ಅದನ್ನು ಬೆರಳಿನಿಂದ ನೂಕಿ, ‘ನಡೀರಿ, ನಡೀರಿ’ ಎನ್ನುವರು.

ಆಟದಲ್ಲಿ ವೈರಿಯ ಪಕ್ಕದಿಂದ ಕದಲಿದರೆ ಅವನು ಹೊಡೆಯಬಹುದು. ಆದರೆ ಒಂದು ಸುತ್ತಿನಲ್ಲಿ ಅವನಿಗೆ ಒಂದೇ ಏಟು. ಅಂದು ವೈರಿಯಾಗಿದ್ದ ರಾಕ್ಷಸನ ಪಕ್ಕದ ಮನೆಗಳಲ್ಲಿ ನಾವೆಲ್ಲ ಸಾಯುವಂತಾಗಿ ಸಿಕ್ಕಿಕೊಂಡಿದ್ದೆವು. ಕಾಕಾ ಬೇಕೆಂದೇ ಮೊದಲು ಬೀಜ ಸರಿಸಿದರು.

‘ಕಾಕಾ, ಸಾಯ್ತೀರಿ!’ ಎಂದೆ.

‘ಅವನ ಏಟು ನನ್ನ ಮ್ಯಾಲೇ ಮುಗೀತದ. ನೀವು ನಡೀರಿ.’

ಸಿಪಾಯಿ ಸತ್ತ. ‘ಇನ್ನ ನನ್ನ ಸರದಿ ಬರಂಗಿಲ್ಲ, ಹೌದಿಲ್ಲ?’ ಎಂದು ಬೀಜವನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಅಡ್ಡಾದರು.

ಚಹಾಕ್ಕೆ ಎಬ್ಬಿಸಿದಾಗ ಕಣ್ಣು ತೆರೆಯದೆಯೇ ಕೇಳಿದರು: ‘ಎಲ್ಲಾರೂ ದಾಟಿದ್ರೇನು?’