ಬೀಗರ ಜಳಕದ ಬಿಲ್ಲು

ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಏಜೆಂಟನೊಬ್ಬ ಚಹಾ ಕುಡಿಸಿ, ಟೈಮ್‌ಶೇರ್ ಎಂಬುದನ್ನು ಮಾರಿ ಹೋದ. ಯಾವುದೋ ಗುಡ್ಡದ ಮೇಲಿನ ರಿಸಾರ್ಟಿನಲ್ಲಿ ವರ್ಷಕ್ಕೊಂದು ವಾರ ನಮ್ಮದಂತೆ. ಬೇಡವಾದರೆ ಆ ವಾರವನ್ನು ಬೇರೆ ಊರಿನ ರಿಸಾರ್ಟಿಗೆ ಬದಲಾಯಿಸಿಕೊಳ್ಳಬಹುದಂತೆ. ಗೋವಾದ ಮಡಗಾಂವ್ ಪೇಟೆಯ ನಮ್ಮ ಅರಿವೆ ಅಂಗಡಿ ಬಿಟ್ಟು ಒಂದು ದಿನವೂ ಕದಲದ ಮನುಷ್ಯನಿಗೆ ಗುಡ್ಡವೇಕೆ ಎಂದು ಬೈದಿದ್ದೆ.

ಮಗಳನ್ನು ಬೆಳಗಾವಿಗೆ ಕೊಟ್ಟ ವರ್ಷ ಬೀಗರು ಮಗಳನ್ನೂ ಕರೆದುಕೊಂಡು ಗೋವಾ ನೋಡಲು ಬರುತ್ತೇವೆಂದಾಗ ಅದೇ ವಾರ ನೆನಪಾಯಿತು. ನಮ್ಮದು ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವರನ್ನು ಮಲಗಿಸುವುದೆಲ್ಲಿ? ದೊಡ್ಡ ಮನೆತನ ಅವರದು. ಹೊಸದಾಗಿ ಹೋದ ಮಗಳು ಅಲ್ಲಿ ತಲೆ ಎತ್ತಿ ಬಾಳಬೇಕಲ್ಲ. ಗುಡ್ಡದ ವಾರ ಬಿಟ್ಟುಕೊಟ್ಟು, ನಮ್ಮೂರ ಹತ್ತಿರದ ಸಮುದ್ರದಂಡೆಯ ರಿಸಾರ್ಟಿನಲ್ಲಿ ಒಂದು ವಾರ ಪಡೆದೆವು.

ಬೀಗತಿಗೆ ಜಳಕವೆಂದರೆ ಜಳಕ. ಸಮುದ್ರದ ಉಪ್ಪು ಮೈಗೆ ಹತ್ತಿತೆಂದು ಬೆಳಿಗ್ಗೆ ಬಿಸಿನೀರು, ಸಂಜೆ ಬಿಸಿನೀರು. ಬೀಗರು ಏಸಿ ಹಾಕಿಸಿಕೊಂಡು ಮೇಲೆ ಕಂಬಳಿ ಹೊದ್ದು ಮಲಗುತ್ತಿದ್ದರು. "ಆರಾಮ ಇರ್ರಿ, ಎಲ್ಲಾ ನಮ್ಮದ ಐತಿ," ಎಂದು ನಮ್ಮವರು ಹಿಗ್ಗಿದ್ದೇ ಹಿಗ್ಗಿದ್ದು. ಅಲ್ಲಿನ ಅಡುಗೆಮನೆಯಲ್ಲಿ ನಾನು ಹೋಳಿಗೆ ಕೂಡ ಮಾಡಿದೆ.

ಹೊರಡುವ ದಿನ ಸಾಮಾನು ಟ್ಯಾಕ್ಸಿಗೆ ಏರಿಸುತ್ತಿರುವಾಗ, ಬೀಗರ ಎದುರಿಗೇ ಕೌಂಟರಿನವನು ಬಿಲ್ಲು ಚಾಚಿದ. ಕರೆಂಟು ಬೇರೆ, ನೀರು ಬೇರೆ, ಗ್ಯಾಸ್ ಬೇರೆ. ಅಲ್ಲಿಯ ಸ್ವಂತ ಮೆಂಬರುಗಳಿಗೆ ಇಲ್ಲವಂತೆ, ಬದಲಿ ವಾರಕ್ಕೆ ಬಂದ ಗೆಸ್ಟುಗಳಿಗೆ ಮಾತ್ರವಂತೆ. ಬಾಯಿತುಂಬ ಗೆಸ್ಟ್ ಗೆಸ್ಟ್ ಅನ್ನುತ್ತಲೇ ನೀರಿಗೂ ರೊಕ್ಕ ಕೇಳಿ ಕೈಚಾಚುವ ಅವನು ಹಲ್ಲು ಕಿರಿದದ್ದು ನೋಡಿ ನನಗೆ ಹೇಸಿಗೆಯಾಯಿತು. ಥೂ! ನಮ್ಮ ಕಡೆ ದಾರಿಹೋಕನಿಗೂ ನೀರಿನ ಜೊತೆ ಬೆಲ್ಲ ಕೊಡುತ್ತಾರೆ.

ಕೊಟ್ಟು ಬಿಸಾಕಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮವರು ಅಂಗಡಿಕಾರರು. ಚೌಕಾಸಿ ಮಾಡದೆ ಬಿಡುವವರಲ್ಲ.

"ವರ್ಷಾ ವರ್ಷಾ ಮೆಂಟೇನೆನ್ಸ್ ಕಟ್ತೇವಲ್ಲ, ಮತ್ಯಾಕ ಇದು?" ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಶುರುಮಾಡಿದರು. "ಇಷ್ಟು ನೀರು ಎಲ್ಲಿ ಖರ್ಚಾತು? ಹೊಲಕ್ಕ ಬಿಟ್ಟೇವೇನು?"

ಬೀಗತಿಯ ಮುಖ ಕೆಂಪೇರಿತು. "ಕೊಟ್ಟು ಬಿಡ್ರಿ ಅಂತೇನಿ," ಎಂದು ನಾನು ನಮ್ಮವರ ಅಂಗಿ ಜಗ್ಗಿದೆ.

"ಏ, ನೀ ಸುಮ್ಕಿರು."

ಆಗ ಬೀಗರು ಪಾಕೀಟು ತೆಗೆದರು. "ಬಿಡ್ರಿ ಬೀಗರ. ಜಳಕಾ ಮಾಡಿದವರು ನಾವು, ರೊಕ್ಕಾನೂ ನಾವ ಕೊಡತೇವಿ."

"ಛೇ ಛೇ, ಒಳಗಿಡ್ರಿ!" ಎಂದು ನಮ್ಮವರು ಕೈ ಹಿಡಿಯುವಷ್ಟರಲ್ಲಿ ಆ ಕೌಂಟರಿನವನು ನೋಟು ಡ್ರಾವರಿಗೆ ಹಾಕಿಕೊಂಡಾಗಿತ್ತು. ಮಾನ ಮೂರಾಬಟ್ಟೆ! ಮಗಳು ನನ್ನ ಕಡೆ ನೋಡದೆ ಟ್ಯಾಕ್ಸಿ ಹತ್ತಿದಳು. ರಿಸಾರ್ಟಿನವರ ಮೇಲೆ ಬಂದಷ್ಟೇ ಹೇಸಿಗೆ ನನಗೆ ಗಂಡನ ಮೇಲೂ ಬಂತು.

ಪಂಚಮಿಗೆ ಮಗಳನ್ನು ಕರೆತರಲು ಬೆಳಗಾವಿಗೆ ಹೋದೆ. ಬೀಗರ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರು ಕೂತಿದ್ದರು. ಮಗಳು ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟಳು.

"ಕುಡೀರಿ ಬೀಗತ್ಯಾರ," ಎಂದರು ಬೀಗತಿ, "ನಮ್ಮಲ್ಲೆ ನೀರಿಗೆ ಬಿಲ್ಲು ಇಲ್ರಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕಥೆ ಓಣಿಗೆಲ್ಲ ಗೊತ್ತಿತ್ತು. ನಾನು ಮಗಳ ಮುಖ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳೂ ನಗುತ್ತಿದ್ದಳು.