ನೀರು ಹಾಕಿದ ಗಿಡಕ್ಕೆ ಮಾತ್ರ ಬಣ್ಣ

ತಮ್ಮ ಹುಟ್ಟಿದ ವರ್ಷ ಅವ್ವನ ಬಾಣಂತನಕ್ಕೆ ಬಾಗಲಕೋಟೆಯಿಂದ ದೊಡ್ಡವ್ವ ಬಂದಳು. ಅವ್ವನ ಸ್ವಂತ ಅಕ್ಕ. ಅಜ್ಜಿ ಅಷ್ಟೊತ್ತಿಗಾಗಲೇ ತೀರಿಹೋಗಿದ್ದಳು, ಹಾಗಾಗಿ ತವರುಮನೆಯೇ ಒಂದು ಟ್ರಂಕು ಹಿಡಿದು ಹೈದರಾಬಾದಿಗೆ ಬಂದಂತಾಯಿತು. ನಾವಾಗ ದಿಲ್‌ಸುಖ್‌ನಗರದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಮುಂಜಾನೆ ಕಾರ್ಖಾನೆಯ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆಗೇ.

ಕೂಸು ಮಲಗಿದೆ, ಗಪ್ಪನೆ ಕೂಡು ಅಂದರೆ ಕೂಡುವ ಪೈಕಿ ನಾನಲ್ಲ. ನನಗಿನ್ನೂ ಆರು ವರ್ಷ, ತಮ್ಮನನ್ನು ಎಬ್ಬಿಸುವುದೇ ನನ್ನ ಉದ್ಯೋಗ. ನನ್ನನ್ನು ಕಟ್ಟಿಹಾಕಲು ದೊಡ್ಡವ್ವ ಒಂದು ಉಪಾಯ ಹೂಡಿದಳು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ನಮ್ಮ ಮನೆ ಮುಂದಿನ ತೋಟವನ್ನೇ ಪೆನ್ಸಿಲಿನಲ್ಲಿ ಬರೆದುಕೊಟ್ಟಳು. ತೋಟ ಅಂದರೆ ಎಷ್ಟು ಮಹಾ! ಮೆಟ್ಟಿಲ ಪಕ್ಕ ಒಂದು ದಾಸವಾಳ, ಕಾಂಪೌಂಡಿಗೆ ಹಬ್ಬಿದ ಹೀರೇಬಳ್ಳಿ, ಒಡೆದ ಬಕೀಟಿನಲ್ಲಿ ಪುದೀನಾ, ಗೇಟಿನವರೆಗೆ ಕನಕಾಂಬರದ ಸಾಲು. ಎಲ್ಲವೂ ಹಾಳೆಯಲ್ಲಿದ್ದವು, ಒಡೆದ ಬಕೀಟಿನ ಸಮೇತ.

ನಾನು ಮೇಣದ ಬಣ್ಣಗಳ ಡಬ್ಬಿ ಸುರುವಿಕೊಂಡು ಹಾಳೆಯ ಮೇಲೆ ಬಿದ್ದೆ. ದಾಸವಾಳದ ಕೆಂಪು ಗೆರೆ ದಾಟಿ ಮೆಟ್ಟಿಲಿಗೂ ಹತ್ತಿತು. ದೊಡ್ಡವ್ವ ಹಾಳೆ ಕಸಿದುಕೊಂಡಳು.

"ಏ ಖೋಡಿ, ಗಿಡಕ್ಕ ಬಣ್ಣ ಹಚ್ಚಾಕತ್ತೀಯೋ, ಗ್ವಾಡಿಗಿ ಸುಣ್ಣ ಹೊಡ್ಯಾಕತ್ತೀಯೋ?"

ಆಮೇಲೆ ಕಾಯಿದೆ ಬಂತು. ನೀರು ಹಾಕಿದ ಗಿಡಕ್ಕೆ ಮಾತ್ರ ಬಣ್ಣ. ತಂಬಿಗೆ ಹಿಡಿದು ಹೋಗಿ ಬುಡಕ್ಕೆ ನೀರು ಹಾಕಬೇಕು, ಗಿಡದ ಮುಂದೆ ಕೂತು ನೋಡಬೇಕು, ಒಳಗೆ ಬಂದು ನೋಡಿದ್ದಕ್ಕಷ್ಟೇ ಬಣ್ಣ ಹಚ್ಚಬೇಕು. ಅರಳದ ಹೂವಿಗೆ ಬಣ್ಣವಿಲ್ಲ. ನಮ್ಮ ಗಲ್ಲಿಗೆ ನಳ ಬರುತ್ತಿದ್ದುದು ದಿನ ಬಿಟ್ಟು ದಿನ. ನಳ ಬರದ ದಿನ ಗಿಡಕ್ಕೂ ಉಪವಾಸ, ನನಗೂ ಉಪವಾಸ. ನನಗೆ ಸಿಟ್ಟು ಬಂದು ಬಣ್ಣದ ಕಡ್ಡಿಗಳನ್ನು ಮುರಿದು ಎಸೆದದ್ದೂ ಉಂಟು.

"ಕನಕಾಂಬರದ ತೆನಿ ಕೆಳಗಿಂದ ಅರಳ್ತೈತಿ, ನೋಡು. ತುದಿದು ಕಡೀಕ. ನಿಂದೇನ ಗಡಿಬಿಡಿ?" ಎಂದು ಆಕೆ ಮುರಿದ ತುಂಡುಗಳನ್ನು ಆರಿಸಿ ಮತ್ತೆ ಡಬ್ಬಿಗೆ ಹಾಕುತ್ತಿದ್ದಳು.

ಅವ್ವ ಪೂರ್ತಿ ಕೂಸಿನ ಪಾಲಾಗಿದ್ದಳು. ನನಗೆ ಉಳಿದವಳು ದೊಡ್ಡವ್ವ. ತಲೆ ಬಾಚುವವಳು, ತುತ್ತು ಮಾಡಿ ಕೊಡುವವಳು, ಜಡೆಗೆ ನಾಲ್ಕು ಕನಕಾಂಬರ ಸಿಗಿಸಿ "ಚಂದ ಕಾಣ್ತಿ ನನ್ನವ್ವ" ಅನ್ನುವವಳು ಆಕೆಯೇ. ಬಾಣಂತಿ ಕೋಣೆಯ ಓಮಿನ ಹೊಗೆ ಆಕೆಯ ಸೆರಗಿಗೂ ಹತ್ತಿರುತ್ತಿತ್ತು, ಆ ಸೆರಗಿನಲ್ಲೇ ಮುಖ ಹುದುಗಿಸಿ ಮಲಗುತ್ತಿದ್ದೆ. ಒಂದು ದಿನ ಸುಮ್ಮನೆ ಕೇಳಿದೆ, "ದೊಡ್ಡವ್ವ, ನೀ ಊರಿಗೆ ಎಂದ ಹೋಗ್ತಿ?"

"ನಿನ್ನ ತೋಟ ತುಂಬಿದ ದಿನ ನಾ ಹೊಂಟೆ."

ಬಾಯಿಮಾತಿಗೆ ಅಂದಳೋ ಏನೋ. ನಾನು ಅದನ್ನು ನಿಜವೆಂದೇ ಹಿಡಿದೆ.

ಅವತ್ತಿನಿಂದ ಆ ಹಾಳೆಯ ಮುಂದೆ ನನ್ನಷ್ಟು ನಿಧಾನದ ಮಗು ಇಡೀ ಹೈದರಾಬಾದಿನಲ್ಲಿ ಇರಲಿಕ್ಕಿಲ್ಲ. ನಳ ಬಂದ ದಿನವೂ ಒಂದೇ ಎಸಳು. ಅದನ್ನೂ ಗೆರೆ ಮುಟ್ಟದ ಹಾಗೆ, ಉಸಿರು ಬಿಗಿಹಿಡಿದು. ಅಪ್ಪನಿಗೆ ಖುಷಿಯೋ ಖುಷಿ. "ಭಾಳ ಸಮಾಧಾನ ಕಲಿಸೀರಿ ನೋಡ್ರಿ ಹುಡುಗಿಗೆ" ಎಂದು ದೊಡ್ಡವ್ವನನ್ನು ಹೊಗಳಿದರು. ಸಮಾಧಾನವೂ ಇಲ್ಲ, ಮಣ್ಣೂ ಇಲ್ಲ. ದೊಡ್ಡವ್ವ ಹೋಗಬಾರದಿತ್ತು, ಅಷ್ಟೇ.

ಆದರೂ ಹಾಳೆ ತುಂಬುತ್ತಾ ಬಂತು. ಕನಕಾಂಬರದ ಸಾಲೊಂದೇ ಉಳಿಯಿತು. ಆಗ ಒಂದು ವಿಚಿತ್ರ ಕಂಡೆ. ನಿನ್ನೆ ಇರದಿದ್ದ ಮೊಗ್ಗುಗಳು ಇವತ್ತು ಹಾಳೆಯ ತೆನೆಯಲ್ಲಿ ಇರುತ್ತಿದ್ದವು. ಅವ್ವನಿಗೆ ಹೇಳಿದರೆ, "ನೀ ಸರಿ ನೋಡಿರ್ಲಿಕ್ಕಿಲ್ಲ ಬಿಡು" ಅಂದಳು. ನನಗೆ ಗೊತ್ತಿತ್ತು, ಆ ಹಾಳೆಯನ್ನು ನನಗಿಂತ ಸರಿಯಾಗಿ ನೋಡಿದವರು ಯಾರೂ ಇಲ್ಲ.

ಒಂದು ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ದೊಡ್ಡವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಪೆನ್ಸಿಲನ್ನು ಈಳಿಗೆಗೆ ಹೆರೆದು, ನನ್ನ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡಳು. ಕನಕಾಂಬರದ ತೆನೆಗೆ ಒಂದು ಮೊಗ್ಗು ಬರೆದಳು. ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಬರೆದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಈ ಮಾತು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ.

ದೊಡ್ಡವ್ವನ ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಊರಲ್ಲಿ ಮೈದುನನ ಮನೆಯಲ್ಲಿ ಆಕೆಯ ಬಾಳು. ಅಲ್ಲಿ ಬೈಯುವವರು ಯಾರೂ ಇರಲಿಲ್ಲವಂತೆ, ಉಂಡೆಯಾ ಎಂದು ಕೇಳುವವರೂ ಇರಲಿಲ್ಲವಂತೆ. ಇದನ್ನು ಅವ್ವ ಹೇಳಿದ್ದು ನಾನು ದೊಡ್ಡವಳಾದ ಮೇಲೆ.

ಆ ಮೈದುನನೇ ಒಂದು ದಿನ ಕರದಂಟಿನ ಪೊಟ್ಟಣ ಹಿಡಿದು ಬಂದ. ಕೆಟ್ಟ ಮನುಷ್ಯನಲ್ಲ, ನನ್ನ ಕೆನ್ನೆ ಹಿಂಡಿ ನಗಿಸಿದ. ಚಹಾ ಬಂದ ಮೇಲೆ ಮಾತು ತೆಗೆದ.

"ವೈನಿ, ತಯಾರಾಗ್ರಿ. ನಮ್ಮಾಕಿಗೆ ಮೊಣಕಾಲ ನೋವು ಭಾಳ ಆಗೈತಿ. ನೀವಿಲ್ದ ಮನಿ ನಡೀವಲ್ದು."

ದೊಡ್ಡವ್ವ ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡಿದಳು. "ಆತು" ಅಂದಳು ದೊಡ್ಡವ್ವ.

ನಾನು ಹಾಳೆ ತಂದು ಆತನ ಮುಂದೆ ಹಿಡಿದೆ. "ಕಾಕಾ, ದೊಡ್ಡವ್ವ ಬರಂಗಿಲ್ಲ! ತೋಟ ಇನ್ನ ತುಂಬಿಲ್ಲ. ಇಷ್ಟ ಮೊಗ್ಗಿ ಉಳದಾವು!"

"ಇಷ್ಟ ಹೌದಿಲ್ಲೋ? ತಾ ಇಲ್ಲಿ" ಎಂದ. ಡಬ್ಬಿಯಿಂದ ಕೈಗೆ ಸಿಕ್ಕ ಕೆಂಪು ಕಡ್ಡಿ ತೆಗೆದ. ಚಹಾ ಆರುವುದರೊಳಗೆ ಅಷ್ಟೂ ಮೊಗ್ಗುಗಳನ್ನು ಗೀಚಿ ಮುಗಿಸಿದ. "ತಗೋ, ತುಂಬ್ತು ನಿನ್ನ ತೋಟ!" ಎಂದು ಕೈಗಿಟ್ಟ. ಉಪಕಾರ ಮಾಡಿದೆನೆಂದೇ ತಿಳಿದಿದ್ದ, ಪಾಪ. ಕನಕಾಂಬರ ಕೆಂಪಗೆ ಇರುವುದಿಲ್ಲ ಎಂದು ಹೇಳಲೂ ಆಗದಷ್ಟು ಬಿಕ್ಕಿದೆ.

ಟ್ರಂಕು ಹೊರಗಿಟ್ಟ ಮೇಲೆ ದೊಡ್ಡವ್ವ ಒಳಗೆ ಬಂದಳು. ಹಾಳೆಯ ಮೂಲೆಯಲ್ಲಿ, ಗೇಟಿನ ಹತ್ತಿರ, ಒಂದೇ ಒಂದು ಮೊಗ್ಗು ಬರೆದಳು. ಈ ಸಲ ನನ್ನ ಕಣ್ಣೆದುರಿಗೇ ಬರೆದಳು. "ನೀರ ಹಾಕೋದು ಬಿಡಬ್ಯಾಡ" ಎಂದು ಹಣೆಗೆ ಮುತ್ತಿಟ್ಟು ಹೋದಳು.

ಆಕೆ ಮತ್ತೆ ಹೈದರಾಬಾದಿಗೆ ಬರಲಿಲ್ಲ. ಮೈದುನನ ಮನೆಯಲ್ಲಿ ಒಂದಾದ ಮೇಲೊಂದು ಮದುವೆ, ಬಾಣಂತನ, ಆಕೆಗೆ ಪುರಸೊತ್ತೇ ಸಿಗಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಊರಿನ ಒಂದು ಮದುವೆಯಲ್ಲಿ ಸಿಕ್ಕಳು. ಊಟದ ಪಂಕ್ತಿಯ ಗದ್ದಲದಲ್ಲಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು ಕೇಳಿದಳು, "ಆ ಮೊಗ್ಗಿಗೆ ಬಣ್ಣ ಹಚ್ಚಿದೇನ?"

"ಇಲ್ಲ, ದೊಡ್ಡವ್ವ."

ಆಕೆಯ ಮುಖ ಅರಳಿತು. "ಹಂಗಾರ ನಿಮ್ಮನ್ಯಾಗ ನಂದಿನ್ನ ಕೆಲಸ ಉಳದೈತಿ."

ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಹೈದರಾಬಾದಿನ ಇನ್ನೊಂದು ತುದಿಗೆ, ಮಣಿಕೊಂಡದ ಈ ಮನೆಗೆ ಬಂದಾಗಿತ್ತು. ಇಲ್ಲಿ ತೋಟವಿಲ್ಲ, ಬಾಲ್ಕನಿಯಲ್ಲಿ ಕುಂಡಗಳಿವೆ, ನೀರು ಟ್ಯಾಂಕರಿನದು. ಕನಕಾಂಬರಕ್ಕೆ ನೀರು ಹಾಕಿ, ಮುಂದೆ ಕೂತು ನೋಡುತ್ತೇನೆ. ತೆನೆ ಕೆಳಗಿನಿಂದಲೇ ಅರಳುತ್ತದೆ. ಒಳಗೆ ಬಂದು ಆ ಹಾಳೆ ತೆಗೆದು ನೋಡುತ್ತೇನೆ. ಗೇಟಿನ ಹತ್ತಿರದ ಆ ಮೊಗ್ಗು ಇನ್ನೂ ಬರೀ ಪೆನ್ಸಿಲಿನದೇ. ಮನೆಯಲ್ಲಿ ಬಣ್ಣಕ್ಕೇನೂ ಬರವಿಲ್ಲ, ಆ ಹೂವಿನದೇ ಬಣ್ಣದ ಕಡ್ಡಿಯೂ ಇದೆ. ಹಚ್ಚುವುದಿಲ್ಲ. ಹಚ್ಚಿದರೆ ದೊಡ್ಡವ್ವ ಹೊರಟುಬಿಡುತ್ತಾಳೆ.