ಹೊತ್ತು ಮುಳುಗುವ ಮುಂಚಿನ ನಾಟಕ

ನಮ್ಮದು ಬೀದಿನಾಟಕದ ತಂಡ ಅಂದಕೂಡಲೇ ನಮ್ಮ ಕಡೆಯ ಜನ ಕೇಳುವ ಮೊದಲ ಪ್ರಶ್ನೆ, ‘ಯಾವ ಯೋಜನಾದ್ದರಿ?’ ತಪ್ಪು ಅವರದಲ್ಲ. ಇಷ್ಟು ವರ್ಷ ಬೀದಿಯಲ್ಲಿ ಹಲಗೆ ಬಾರಿಸಿ ಜನ ಸೇರಿಸಿದವರೆಲ್ಲ ಒಂದೋ ಶೌಚಾಲಯ ಕಟ್ಟಿಸಿಕೊಳ್ಳಿ ಅಂದಿದ್ದಾರೆ, ಇಲ್ಲವೇ ತಪ್ಪದೆ ಮತ ಹಾಕಿ ಅಂದಿದ್ದಾರೆ. ನಾವು ಯಾರಿಗೂ ಏನನ್ನೂ ಮಾಡಿ ಅನ್ನುವುದಿಲ್ಲ. ರಾಯಬಾಗದ ಸಂತೆಯಲ್ಲಿ ಹಿರಿಯರೊಬ್ಬರು ನಾಟಕ ಮುಗಿಯುವವರೆಗೂ ನಿಂತು ನೋಡಿ, ಕೊನೆಗೆ ನನ್ನ ಕೈಗೆ ಆಧಾರ್ ಕಾರ್ಡಿನ ಝೆರಾಕ್ಸ್ ಕೊಟ್ಟರು. ಇದರಲ್ಲಿ ಏನೂ ಸಿಗುವುದಿಲ್ಲ ಅಂದದ್ದಕ್ಕೆ, ‘ಮತ್ತ ಇಷ್ಟೊತ್ತ ಯಾಕ ನಿಂದರಿಸಿದ್ರಿ?’ ಎಂದು ಸಿಟ್ಟು ಮಾಡಿಕೊಂಡು ಹೋದರು.

ನಾಟಕದ ಹೆಸರು ‘ಇವತ್ತೇನ ಅಡಗಿ?’ ಮಾಡಿಸಿದವರು ಚಿಕ್ಕೋಡಿಯ ನಿವೃತ್ತ ಚಿತ್ರಕಲಾ ಮಾಸ್ತರು. ದಿನದ ಬದುಕೇ ಹಬ್ಬ, ನಾಟಕವೆಂದರೆ ಬರೀ ಕಣ್ಣಿಗಲ್ಲ, ಮೂಗಿಗೆ, ನಾಲಿಗೆಗೆ, ಅಂಗೈಗೆ ಕೂಡ ಅನ್ನುವುದು ಅವರ ಸಿದ್ಧಾಂತ. ಇದನ್ನು ಅವರು ಪ್ರತಿ ಊರಲ್ಲೂ ನಾಟಕಕ್ಕೆ ಮುಂಚೆ ವಿವರಿಸುತ್ತಾರೆ. ನಾಲಿಗೆಯ ವಿಷಯಕ್ಕೆ ಬರುವ ಹೊತ್ತಿಗೆ ಜನ ಆಕಳಿಸುತ್ತಿರುತ್ತಾರೆ. ಆಮೇಲೆ ನಾವು ನಡುಬೀದಿಯಲ್ಲಿ ಒಲೆ ಹೂಡುತ್ತೇವೆ. ಬಳೆ ಸದ್ದು, ರೊಟ್ಟಿ ಬಡಿಯುವ ಸದ್ದು, ಉಳ್ಳಾಗಡ್ಡಿ ಹೆಚ್ಚಿ ಎಲ್ಲರ ಕಣ್ಣಲ್ಲೂ ನೀರು, ಕೊನೆಗೆ ನೋಡಲು ಬಂದವರಿಗೆಲ್ಲ ಒಂದೊಂದು ತುಂಡು ಬಿಸಿ ರೊಟ್ಟಿ. ಒಂದು ಮನೆಯ ಒಂದು ದಿನ, ಅಷ್ಟೇ ಕಥೆ. ಆ ಮನೆಯ ಅವ್ವನ ಪಾತ್ರ ನನ್ನದು.

ಚಿಕ್ಕೋಡಿಯಲ್ಲಿ ಬ್ಲೌಸ್ ಹೊಲಿದುಕೊಂಡಿರುವ ನನಗೆ ಅಭಿನಯ ಎಲ್ಲಿಂದ ಬರಬೇಕು? ಹೆತ್ತ ತಾಯಿಯನ್ನೇ ಕದ್ದೆ. ಅವಳಂತೆ ಸೊಂಟದ ಮೇಲೆ ಕೈಯಿಟ್ಟು ನಡೆದೆ, ಅವಳಂತೆ ರೊಟ್ಟಿಯ ಹೆಂಚಿನ ಜೊತೆ ಜಗಳವಾಡಿದೆ. ಕಾಗವಾಡದ ಹತ್ತಿರದ ನಮ್ಮೂರಿನಲ್ಲಿ ಹೆಚ್ಚಿನವರು ನಮ್ಮಂತೆ ಒಕ್ಕಲುತನದ ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ದಿನಾ ಸಂಜೆ ಅವ್ವ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ: ‘ಹೊತ್ತ ಮುಳಗಾಕತ್ತೇತಿ, ಉಣ್ಣಾಕ ಬರ್ರಿ! ಆಮ್ಯಾಲ ಹಸವ ಅಂದ್ರ ನಾ ಕೇಳಾಕಿ ಅಲ್ಲ!’ ಇದನ್ನೇ ನಾನು ನಾಟಕದಲ್ಲಿ ಮೂಗಿನಿಂದ ರಾಗ ಎಳೆದು ಕೂಗುತ್ತಿದ್ದೆ. ಅಥಣಿಯಲ್ಲಿ ಸಿಳ್ಳೆ ಬಿದ್ದವು. ನಿಪ್ಪಾಣಿಯಲ್ಲಿ ಮರಾಠಿ ಮಂದಿ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ವರ್ಷ ನಾನು ಹೀಗೆ ಊರೂರಲ್ಲಿ ಅವ್ವನನ್ನು ನಗೆಪಾಟಲು ಮಾಡಿ ಚಪ್ಪಾಳೆ ತೆಗೆದುಕೊಂಡೆ. ಮಗಳು ಎಲ್ಲೋ ಭಾಷಣ ಮಾಡಲು ಹೋಗುತ್ತಾಳೆ ಎಂದೇ ಅವ್ವ ತಿಳಿದಿದ್ದಳು.

ಹೋದ ವರ್ಷ ನಮ್ಮೂರಿನವರೇ ಕರೆದರು. ‘ನಾನೂ ಬರತೀನಿ, ಮುಂದ ಕುಂಡರತೀನಿ’ ಎಂದು ಅವ್ವ ಫೋನಿನಲ್ಲಿ ಹೇಳಿದ ದಿನದಿಂದ ನನ್ನ ಜೀವದಲ್ಲಿ ಜೀವವಿರಲಿಲ್ಲ. ತನ್ನ ಓಣಿಯವರ ನಡುವೆ ಕೂತು, ಎಲ್ಲರೂ ತನ್ನನ್ನೇ ನೋಡಿ ನಗುವುದನ್ನು ಅವಳು ನೋಡಬೇಕು. ಆ ಕೂಗನ್ನು ತೆಗೆಯೋಣವೆಂದು ಮಾಸ್ತರರಿಗೆ ಅಂಗಲಾಚಿದೆ.

‘ಅದನ್ನ ತಗದ್ರ ನಾಟಕ ಸಪ್ಪಗ ಆಗತೈತ್ರಿ, ಬಾಯಾರ,’ ಅಂದರು. ‘ಬೇಕಾದ್ರ ಉಳ್ಳಾಗಡ್ಡಿ ತಗೀತೀನಿ.’

ನಿಜವಾಗಿಯೂ ತೆಗೆದರು. ಚಾತುರ್ಮಾಸ ವ್ರತದ ದಿನಗಳು, ನಮ್ಮ ಮಂದಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವುದಿಲ್ಲವೆಂದು ಎರಡು ಸಭೆ ಸೇರಿ ಚರ್ಚಿಸಿ, ಬದಲಿಗೆ ಚಟ್ನಿಗೆ ಗುರೆಳ್ಳು ಹುರಿಯುವುದೆಂದು ತೀರ್ಮಾನವಾಯಿತು. ಊರಿನ ಆಚಾರವನ್ನು ಇಷ್ಟು ಸೂಕ್ಷ್ಮವಾಗಿ ನೋಡಿಕೊಂಡ ತಂಡ ಈ ಜಿಲ್ಲೆಯಲ್ಲೇ ಇಲ್ಲವೆಂದು ನಾವು ನಾವೇ ಬೆನ್ನು ತಟ್ಟಿಕೊಂಡೆವು.

ಆಟ ನಾಲ್ಕಕ್ಕೆ ಶುರುವಾಗಬೇಕಿತ್ತು. ಆದರೆ ಸತ್ಕಾರವಿಲ್ಲದೆ ನಮ್ಮ ಕಡೆ ಒಂದು ಕಡ್ಡಿಯೂ ಅಲುಗುವುದಿಲ್ಲ. ಪಂಚಾಯಿತಿಯವರಿಗೆ, ಸೊಸೈಟಿಯವರಿಗೆ, ಜಮಖಾನೆ ಕೊಟ್ಟವರಿಗೆ, ಕರೆಂಟು ಕೊಟ್ಟವರಿಗೆ ಶಾಲು, ತೆಂಗಿನಕಾಯಿ, ಹಾರ. ಒಬ್ಬರ ಹೆಸರು ಬಿಟ್ಟುಹೋಗಿ ಅವರು ಎದ್ದು ಹೊರಟಾಗ, ಅವರನ್ನು ಕರೆತಂದು ಎರಡು ಶಾಲು ಹೊದಿಸಬೇಕಾಯಿತು. ಆಮೇಲೆ ಮಾಸ್ತರರ ಮೂಗು, ನಾಲಿಗೆ, ಅಂಗೈ. ನಾವು ಒಲೆ ಹೊತ್ತಿಸಿದಾಗ ಐದೂವರೆ ದಾಟಿತ್ತು.

ಅವ್ವ ಹೇಳಿದಂತೆಯೇ ಮುಂದೆ ಕೂತಿದ್ದಳು. ಜನ ನಕ್ಕರು, ಗುರೆಳ್ಳಿನ ವಾಸನೆಗೆ ತಲೆದೂಗಿದರು. ಅವಳು ಮಾತ್ರ ನಗಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ಎದ್ದಾಗ ಹಿಂದೆ ಕೂತ ಹೆಂಗಸರು ಅವಳ ಬೆನ್ನು ತಿವಿಯುತ್ತಿದ್ದುದು ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಆ ಮಾತಿನ ಸರದಿ ಬಂತು. ಕಣ್ಣು ಮುಚ್ಚಿ ಕೂಗಿದೆ.

‘ಹೊತ್ತ ಮುಳಗಾಕತ್ತೇತಿ, ಉಣ್ಣಾಕ ಬರ್ರಿ!’

ಒಬ್ಬರೂ ನಗಲಿಲ್ಲ. ಎಲ್ಲರ ಮುಖವೂ ಒಟ್ಟಿಗೆ ಪಡುವಣಕ್ಕೆ ತಿರುಗಿತು. ಸೂರ್ಯ ಕಬ್ಬಿನ ಗರಿಗಳಿಗೆ ತಾಗಿದ್ದ. ‘ಅಯ್ಯ, ಖರೇನ ಮುಳಗಾಕತ್ತೇತಲ್ಲ!’ ಎಂದು ಯಾರೋ ಅಂದದ್ದೇ ತಡ, ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು, ಗಂಡಸರು ಚಪ್ಪಲಿ ಹುಡುಕತೊಡಗಿದರು. ಒಬ್ಬರು ಹೋಗುತ್ತಾ, ‘ಚಲೋ ನೆನಪ ಮಾಡಿದಿ ನೋಡವಾ’ ಎಂದು ನನ್ನನ್ನೇ ಹೊಗಳಿದರು. ಎರಡು ನಿಮಿಷದಲ್ಲಿ ಊರಿಗೆ ಊರೇ ಉಣ್ಣಲು ಹೋಯಿತು. ಉಳ್ಳಾಗಡ್ಡಿಗೆ ಎರಡು ಸಭೆ ಮಾಡಿದ ನಮಗೆ ಸೂರ್ಯನ ನೆನಪಿರಲಿಲ್ಲ. ಮಾಸ್ತರರು ಬೇರೆ ಊರಿನವರು, ಬಿಡಿ. ಆ ಊರಲ್ಲೇ ಹುಟ್ಟಿದ ನನಗೆ ಏನಾಗಿತ್ತು?

ಜಮಖಾನೆಯ ಮೇಲೆ ಉಳಿದವಳು ಅವ್ವ ಒಬ್ಬಳೇ.

‘ಬೇ ಯವ್ವಾ, ನೀನೂ ಹೋಗ, ಹೊತ್ತಾತು’ ಅಂದೆ, ಪಾತ್ರ ಬಿಟ್ಟು.

‘ಮುಗೀತೇನು?’

‘ಇಲ್ಲ.’

‘ಮತ್ತ ಮಾಡ.’

ಉಳಿದ ಇಪ್ಪತ್ತು ನಿಮಿಷದ ಆಟವನ್ನು ನಾವು ಎಂಟು ಮಂದಿ ಅವಳೊಬ್ಬಳಿಗಾಗಿ ಆಡಿದೆವು. ನಡುವೆ ಎಲ್ಲೋ ಸೂರ್ಯ ಮುಳುಗಿದ. ಕೊನೆಗೆ ಹಂಚಬೇಕಾದ ರೊಟ್ಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ. ಅವಳು ತುದಿ ಮುಟ್ಟಿ ನೋಡಿ, ‘ದಪ್ಪ ಬಡದಿ’ ಅಂದಳು.

ಮನೆಗೆ ಹೋದರೆ ಅವಳ ಊಟದ ತಾಟು ಮುಚ್ಚಿಟ್ಟಂತೆಯೇ ಇತ್ತು. ಎಪ್ಪತ್ತರ ಜೀವ, ಚಾತುರ್ಮಾಸದಲ್ಲಿ ಅವಳು ಕತ್ತಲಾದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಇನ್ನು ಬೆಳಗಾಗುವ ತನಕ ಹಾಗೆಯೇ ಇರಬೇಕು. ಆ ತಾಟನ್ನು ಅವಳು ನನ್ನ ಮುಂದೆ ಸರಿಸಿದಳು. ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಯಾವ ಹೊತ್ತಿನಲ್ಲಾದರೂ ಮಿಸಳ್ ತಿನ್ನುವ ನಾನು ಒಂದು ತುತ್ತೂ ಎತ್ತಲಿಲ್ಲ.

‘ಸಿಟ್ಟ ಬಂತೇನ ಬೇ?’ ಎಂದು ಕೇಳಿದೆ.

‘ಯಾಕ? ನಾ ಹೆಂಗ ಒದರತೀನಿ, ಹಂಗ ಒದರಿದಿ. ಕಡೀಕ ಕುಂತಾವ್ರೂ ಎದ್ದ ಹೋದ್ರಂದ್ರ ಚಲೋನ ಒದರಿರಬೇಕು.’

‘ಎಲ್ಲಾರೂ ಹೋದ್ರಲ್ಲ, ನೀ ಯಾಕ ಉಪವಾಸ ಕುಂತಿ?’

ಅವ್ವ ನನ್ನನ್ನು ತಿಳಿಗೇಡಿಯನ್ನು ನೋಡಿದಂತೆ ನೋಡಿದಳು.

‘ನಾನೂ ಎದ್ದ ಹೋಗಿದ್ರ ನೀ ಯಾರ ಮುಂದ ಆಡತಿದ್ದಿ?’

ನಾಲ್ಕು ವರ್ಷ ಅವಳ ಮಾತುಗಳನ್ನೇ ಆಡಿ ಬಾಯಿ ಪಳಗಿಸಿಕೊಂಡ ನಾನು, ಆಗ ತಾಟಿನ ಮುಂದೆ ಕೂತು ಅತ್ತುಬಿಟ್ಟೆ.